ಕಚ್ಚದ ಶೂ: ಸಾಕ್ಸ್ ಇಲ್ಲದೆ ಟ್ರಯಾಥ್ಲಾನ್ ಓಡಲು ಹಂತ ಹಂತವಾಗಿ ಕಲಿಯುವುದು

ಕನ್ನಡದಲ್ಲಿ ಚಪ್ಪಲಿ ಕಚ್ಚುತ್ತದೆ. ಹೊಸ ಚಪ್ಪಲಿ ಮೆಟ್ಟಿಕೊಂಡು ಮದುವೆಮನೆಗೆ ಹೋಗಿ, ಊಟದ ಹೊತ್ತಿಗೆ ಕುಂಟುತ್ತಾ ಪಂಕ್ತಿಗೆ ಬಂದು ಕೂತವರಿಗೆಲ್ಲ ಆ ಮಾತಿನ ಅರ್ಥ ಗೊತ್ತು. ನಮ್ಮ ಭಾಷೆಯಲ್ಲಿ ಇನ್ನೊಂದು ತಮಾಷೆಯೂ ಇದೆ: ಕಾಲಲ್ಲಿ ಏಳುವ ನೀರುಗುಳ್ಳೆಗೂ ಬೊಬ್ಬೆ, ನೋವಿಗೆ ಬಾಯಿಂದ ಹೊರಡುವ ಕೂಗಿಗೂ ಬೊಬ್ಬೆ. ನನ್ನ ಮೊದಲ ಟ್ರಯಾಥ್ಲಾನ್‌ನಲ್ಲಿ ಎರಡೂ ಒಟ್ಟಿಗೇ ಬಂದವು.

ಅದು ಸ್ಪ್ರಿಂಟ್ ದೂರದ ಸ್ಪರ್ಧೆ: 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಸೈಕಲ್ ಇಳಿದು ಬಂದಾಗ ಪಕ್ಕದವನು ಸಾಕ್ಸ್ ಮುಟ್ಟದೆ ಬರಿಗಾಲನ್ನೇ ಶೂಗೆ ತೂರಿಸಿ ಓಡಿಬಿಟ್ಟ. ಅವನನ್ನು ನೋಡಿ ನಾನೂ ಹಾಗೇ ಮಾಡಿದೆ. ಅದಕ್ಕೆ ಮೊದಲು ಒಂದು ದಿನವೂ ಹಾಗೆ ಓಡಿದವನಲ್ಲ. ಎರಡನೇ ಕಿಲೋಮೀಟರ್‌ನಲ್ಲಿ ಎಡ ಹಿಮ್ಮಡಿಯ ಮೇಲ್ಭಾಗ ಬಿಸಿಯಾಯಿತು. ಮೂರರಲ್ಲಿ ಚುರುಗುಟ್ಟಿತು. ನಾಲ್ಕರಲ್ಲಿ ಶೂ ಒಳಗೆ ಏನೋ ಒದ್ದೆ. ಗೆರೆ ದಾಟಿ ಬಿಚ್ಚಿ ನೋಡಿದರೆ ಬಿಳಿ ಶೂವಿನ ಹಿಂಬದಿ ಕೆಂಪಾಗಿತ್ತು. ಉಳಿಸಿದ್ದು ಹದಿನೈದು ಸೆಕೆಂಡು, ಕಳೆದುಕೊಂಡದ್ದು ಹತ್ತು ದಿನದ ಓಟ.

ಆಮೇಲೆ ತಿಳಿದದ್ದು ಇಷ್ಟೇ. ಸಾಕ್ಸ್ ಬಿಡುವುದು ಸ್ಪರ್ಧೆಯ ಬೆಳಿಗ್ಗೆ ಮಾಡುವ ತೀರ್ಮಾನವಲ್ಲ. ಅದು ಆರು ವಾರ ಮೊದಲು ಮನೆಯ ಬೀದಿಯಲ್ಲಿ ಶುರುವಾಗಬೇಕಾದ ಕೆಲಸ. ಆ ಕೆಲಸವನ್ನು ಹೊಸಬರಿಗಾಗಿ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು ಲೆಕ್ಕ: ನಿಮಗೆ ಇದು ಬೇಕೇ?

ಟ್ರಯಾಥ್ಲಾನ್‌ನಲ್ಲಿ ಬಟ್ಟೆ, ಶೂ ಬದಲಾಯಿಸುವಾಗಲೂ ಗಡಿಯಾರ ಓಡುತ್ತಲೇ ಇರುತ್ತದೆ. ಈಜಿನಿಂದ ಸೈಕಲ್‌ಗೆ ಹೋಗುವ ನಡುವಿನ ಹೊತ್ತು ಟಿ-1, ಸೈಕಲ್‌ನಿಂದ ಓಟಕ್ಕೆ ಹೋಗುವುದು ಟಿ-2. ಎರಡೂ ನಿಮ್ಮ ಒಟ್ಟು ಸಮಯಕ್ಕೇ ಸೇರುತ್ತವೆ. ಸಾಕ್ಸ್ ಏರಿಸಲು ನಿಮಗೆ ಎಷ್ಟು ಹೊತ್ತು ಬೇಕು ಎಂಬುದನ್ನು ಮನೆಯಲ್ಲೇ ನೋಡಿಬಿಡಿ. ಬಕೆಟ್ ನೀರಿನಲ್ಲಿ ಕಾಲು ಅದ್ದಿ, ಒರೆಸದೆ, ಸಾಕ್ಸ್ ಹಾಕಿಕೊಳ್ಳಿ. ಫೋನಿನಲ್ಲಿ ಸಮಯ ಹಿಡಿಯಿರಿ. ಒದ್ದೆ ಬೆರಳಿಗೆ ಬಟ್ಟೆ ಅಂಟಿಕೊಂಡು ಹಿಮ್ಮಡಿ ಬರುವಷ್ಟರಲ್ಲಿ ಪರದಾಟವಾಗುತ್ತದೆ. ಉಳಿತಾಯ ಎಷ್ಟೆಂದು ಆಗ ನಿಮಗೇ ಗೊತ್ತಾಗುತ್ತದೆ.

ಸ್ಪ್ರಿಂಟ್ ಮತ್ತು ಒಲಿಂಪಿಕ್ ದೂರದಲ್ಲಿ (1.5 ಕಿ.ಮೀ. ಈಜು, 40 ಸೈಕಲ್, 10 ಓಟ) ಈ ಉಳಿತಾಯಕ್ಕೆ ಬೆಲೆಯಿದೆ. ಅದಕ್ಕಿಂತ ಉದ್ದದ ಸ್ಪರ್ಧೆಗೆ ನನ್ನ ಸಲಹೆ ಬೇರೆ. ನಮ್ಮವರು ಅನೇಕರು ಹೋಗುವ ಗೋವಾದ ಐರನ್‌ಮ್ಯಾನ್ 70.3 ಸ್ಪರ್ಧೆಯನ್ನೇ ತೆಗೆದುಕೊಳ್ಳಿ. 2019ರಲ್ಲಿ ಪಣಜಿಯ ಮೀರಾಮಾರ್ ಕಡಲತೀರದಲ್ಲಿ ಶುರುವಾದ ಇದರಲ್ಲಿ 1.9 ಕಿ.ಮೀ. ಈಜು, 90 ಸೈಕಲ್, ಕೊನೆಗೆ 21.1 ಕಿ.ಮೀ. ಓಟ. ಕಡಲ ಮರಳು, ಉಪ್ಪುನೀರು, ಕರಾವಳಿಯ ಸೆಕೆ, ಅರ್ಧ ಮ್ಯಾರಥಾನ್! ಆರೆಂಟು ಗಂಟೆಯ ದುಡಿಮೆಯಲ್ಲಿ ಹದಿನೈದು ಸೆಕೆಂಡು ಉಳಿಸಿ ಯಾರಿಗೆ ಕೊಡಬೇಕು? ಅಲ್ಲಿ ನೆಮ್ಮದಿಯಾಗಿ ಕೂತು ಸಾಕ್ಸ್ ಹಾಕಿಕೊಳ್ಳಿ.

ಅಂದಹಾಗೆ ಈ ಆಟಕ್ಕೂ ಬರಿಗಾಲಿಗೂ ಹಳೇ ನಂಟು. 1974ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ನಗರದ ಮಿಷನ್ ಬೇಯಲ್ಲಿ ಮೊದಲ ಆಧುನಿಕ ಟ್ರಯಾಥ್ಲಾನ್ ನಡೆದಾಗ ಓಟದಲ್ಲಿ ಸುಮಾರು ಎರಡು ಮೈಲಿ ಹುಲ್ಲು, ಮರಳಿನ ಮೇಲೆ ಬರಿಗಾಲಲ್ಲೇ ಓಡುವುದಿತ್ತು. ಶೂ ಇಲ್ಲದಿದ್ದರೆ ಶೂ ಕಚ್ಚುವ ಮಾತೂ ಇಲ್ಲ. ಕಷ್ಟವೆಲ್ಲ ಇರುವುದು ಶೂ ಉಂಟು, ಸಾಕ್ಸ್ ಇಲ್ಲ ಎಂಬ ಅರ್ಧಂಬರ್ಧ ಸ್ಥಿತಿಯಲ್ಲಿ.

ಒಂದು ಎಚ್ಚರಿಕೆ: ಸಕ್ಕರೆ ಕಾಯಿಲೆ ಇರುವವರು, ಪಾದದಲ್ಲಿ ಜೋಮು ಅಥವಾ ಸ್ಪರ್ಶ ಕಡಿಮೆ ಇರುವವರು, ಕಾಲಿಗೆ ರಕ್ತ ಸರಿಯಾಗಿ ಹರಿಯದವರು ಈ ಪ್ರಯೋಗಕ್ಕೆ ಇಳಿಯಬಾರದು. ಅಂಥವರಿಗೆ ಚಿಕ್ಕ ಬೊಬ್ಬೆಯೂ ಮಾಯದ ಹುಣ್ಣಾಗಬಹುದು.

ಬೊಬ್ಬೆ ಏಳುವುದು ಹೇಗೆ?

ಎಡಗೈಯ ಹಿಂಬದಿಯ ಮೇಲೆ ಬಲಗೈ ತೋರುಬೆರಳಿನ ತುದಿ ಒತ್ತಿ ಹಿಡಿಯಿರಿ. ಬೆರಳು ಜಾರದಂತೆ ಹಿಂದೆ ಮುಂದೆ ಆಡಿಸಿ. ಚರ್ಮ ಬೆರಳಿನ ಜೊತೆಗೇ ಹೋಗುತ್ತದೆ, ಅಡಿಯ ಮೂಳೆ ಅಲ್ಲೇ ನಿಲ್ಲುತ್ತದೆ, ನಡುವಿನದೆಲ್ಲ ಎಳೆದಾಡುತ್ತದೆ. ಶೂ ಒಳಗೆ ನಡೆಯುವುದೂ ಇದೇ. ಚರ್ಮ ಶೂಗೆ ಅಂಟಿ ನಿಂತಿರುತ್ತದೆ, ಒಳಗಿನ ಮೂಳೆ ಹೆಜ್ಜೆಹೆಜ್ಜೆಗೂ ಜರುಗುತ್ತದೆ. 5 ಕಿಲೋಮೀಟರ್‌ಗೆ ಒಂದೊಂದು ಪಾದವೂ ಎರಡೂವರೆ ಸಾವಿರದಷ್ಟು ಸಲ ನೆಲ ಮುಟ್ಟುತ್ತದೆ. ಅಷ್ಟು ಸಲ ಎಳೆದಾಡಿದ ಮೇಲೆ ಹೊರಚರ್ಮದೊಳಗಿನ ಒಂದು ಪದರ ಬಿಟ್ಟುಕೊಳ್ಳುತ್ತದೆ, ಆ ಸಂದಿಯಲ್ಲಿ ನೀರು ತುಂಬುತ್ತದೆ. ಅದೇ ಬೊಬ್ಬೆ.

ಇದಕ್ಕೆ ಕುಮ್ಮಕ್ಕು ಕೊಡುವುದು ತೇವ. ಬ್ಯಾಂಕಿನಲ್ಲಿ ನೋಟು ಎಣಿಸುವವರು ಬೆರಳು ಒದ್ದೆ ಮಾಡಿಕೊಳ್ಳುವುದು ಯಾಕೆ? ಒಣ ಬೆರಳು ಜಾರುತ್ತದೆ, ಅರೆಒದ್ದೆ ಬೆರಳು ಹಿಡಿಯುತ್ತದೆ. ಬೆವರಿದ ಪಾದವೂ ಹಾಗೆಯೇ ಶೂವನ್ನು ಹಿಡಿದುಕೊಳ್ಳುತ್ತದೆ.

ಸಾಕ್ಸ್ ಇದ್ದಾಗ ಅದು ಎರಡು ಚಾಕರಿ ಮಾಡುತ್ತಿತ್ತು: ಪಾದಕ್ಕೂ ಶೂಗೂ ನಡುವೆ ಜಾರಲು ಒಂದು ಪದರ, ಬೆವರು ಹೀರಲು ಒಂದು ಬಟ್ಟೆ. ಅದನ್ನು ಬಿಟ್ಟ ಮೇಲೆ ಜಾರಿಸುವ ಕೆಲಸ, ಒಣಗಿಸುವ ಕೆಲಸ ಎರಡನ್ನೂ ಬೇರೆ ಯಾರಾದರೂ ವಹಿಸಿಕೊಳ್ಳಬೇಕು. ಮುಂದಿನ ಹಂತಗಳೆಲ್ಲ ಇದಕ್ಕೇ ಇರುವುದು.

ಬೇಕಾದ ಸಾಮಾನು

- ಒಳಗೆ ಹೊಲಿಗೆ ಕಡಿಮೆಯಿರುವ ಓಟದ ಶೂ
- ಹಿಗ್ಗುವ ಲೇಸ್
- ವ್ಯಾಸಲಿನ್ ಅಥವಾ ಓಟಗಾರರು ಹಚ್ಚುವ ಬಾಡಿ ಗ್ಲೈಡ್‌ನಂಥ ಕಡ್ಡಿ
- ಟಾಲ್ಕಂ ಪೌಡರ್
- ಮೆಡಿಕಲ್ ಶಾಪಿನ ಕಾಗದದ ಟೇಪು ಅಥವಾ ಗಟ್ಟಿ ಅಂಟಿನ ಬಟ್ಟೆಯ ಟೇಪು
- ಎರಡೂ ಬದಿ ಅಂಟುವ ಟೇಪು
- ಪಾದ ಉಜ್ಜುವ ಕಲ್ಲು, ಉಗುರು ಕತ್ತರಿ
- ಚಿಕ್ಕ ಟವೆಲ್, ಅರ್ಧ ಲೀಟರ್ ನೀರಿನ ಬಾಟಲಿ
- ಒಂದು ಜೊತೆ ಸಾಕ್ಸ್ (ಯಾಕೆಂದು ಕೊನೆಗೆ ಹೇಳುತ್ತೇನೆ)

ಹಂತ 1: ಶೂ ಒಳಗೆ ಕೈ ಹಾಕಿ ನೋಡಿ

ಅಂಗಡಿಯಲ್ಲಿ ಶೂವಿನ ಬಣ್ಣ ನೋಡುವ ಮೊದಲು ಒಳಗೆ ಕೈ ಹಾಕಿ. ಕಣ್ಣು ಮುಚ್ಚಿ ಬೆರಳ ತುದಿಯಿಂದ ಹಿಮ್ಮಡಿಯ ಅಂಚು, ಹೆಬ್ಬೆರಳಿನ ಬುಡ ಬರುವ ಜಾಗ, ಕಿರುಬೆರಳ ಪಕ್ಕ, ನಾಲಿಗೆಯ ಹೊಲಿಗೆ ಎಲ್ಲವನ್ನೂ ಸವರಿ. ಬೆರಳಿಗೆ ತಡೆದದ್ದು ನಾಳೆ ಪಾದಕ್ಕೂ ತಡೆಯುತ್ತದೆ. ಟ್ರಯಾಥ್ಲಾನ್‌ಗೆಂದೇ ಮಾಡಿದ ಶೂಗಳಲ್ಲಿ ಒಳಗಿನ ಬಟ್ಟೆ ನಯವಾಗಿರುತ್ತದೆ, ಹಿಂದೆ ಎಳೆದುಕೊಳ್ಳಲು ಕುಣಿಕೆ ಇರುತ್ತದೆ, ಕೆಲವದರ ಅಟ್ಟೆಯಲ್ಲಿ ನೀರು ಇಳಿದುಹೋಗಲು ತೂತೂ ಇರುತ್ತದೆ. ಆದರೆ ಹೊಸಬರು ಅದನ್ನೇ ಕೊಳ್ಳಬೇಕೆಂದಿಲ್ಲ.

ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಬರಿಗಾಲಲ್ಲೇ ಹಾಕಿ ನೋಡಿ. ಬೆರಳ ಮುಂದೆ ಒಂದು ಹೆಬ್ಬೆರಳಗಲ ಜಾಗವಿರಲಿ. ಹಿಮ್ಮಡಿ ಮಾತ್ರ ಮೇಲೆ ಕೆಳಗೆ ಜಾರಬಾರದು. ಸಾಕ್ಸ್‌ನ ದಪ್ಪ ಕಳೆದಾಗ ಹಳೇ ಅಳತೆಯ ಶೂ ಸಡಿಲವಾಗುವುದುಂಟು.

ಹಂತ 2: ಶೂವನ್ನು ಪಳಗಿಸಿ

ಒದ್ದೆ ಪಾದ ತೂರಿಸಿದಾಗ ಒಳಗಿನ ಮೆತ್ತೆ ಹಪ್ಪಳದಂತೆ ಸುರುಳಿಯಾಗಿ ಎದ್ದು ಬರುತ್ತದೆ. ಆ ಮಡಿಕೆಯ ಮೇಲೆ ಓಡಿದರೆ ಅಂಗಾಲು ಉಳಿಯುವುದಿಲ್ಲ. ಮೆತ್ತೆಯ ಅಡಿಗೆ ಎರಡೂ ಬದಿ ಅಂಟುವ ಟೇಪು ಹಾಕಿ ಕೂರಿಸಿ. ನಾಲಿಗೆ ಪಕ್ಕಕ್ಕೆ ವಾಲುವ ಶೂ ಆದರೆ ಅದನ್ನು ಒಂದು ಬದಿಗೆ ನಾಲ್ಕು ಹೊಲಿಗೆ ಹಾಕಿ ನಿಲ್ಲಿಸಿ. ಚಪ್ಪಲಿ ಹೊಲಿಯುವವರ ಹತ್ತಿರ ಕೊಟ್ಟರೆ ಐದು ನಿಮಿಷದ ಕೆಲಸ. ಗಂಟು ಹೊರಬದಿಗೆ ಇರಲಿ ಎಂದು ಮರೆಯದೆ ಹೇಳಿ.

ಮಾಮೂಲಿ ಲೇಸ್ ತೆಗೆದು ಹಿಗ್ಗುವ ಲೇಸ್ ಪೋಣಿಸಿ. ಬಿಗಿ ಎಷ್ಟಿರಬೇಕೆಂಬುದನ್ನು ಅಭ್ಯಾಸದ ಓಟಗಳಲ್ಲೇ ಕಂಡುಕೊಂಡು, ಸ್ಪರ್ಧೆಯ ದಿನ ಮುಟ್ಟಬೇಡಿ. ಸಡಿಲವಾದರೆ ಪಾದ ಜಾರಿ ಬೊಬ್ಬೆ, ಬಿಗಿಯಾದರೆ ಮೇಲ್ಪಾದ ಜೋಮು.

ಹಂತ 3: ಪಾದವನ್ನು ಸಿದ್ಧಗೊಳಿಸಿ

ಪಾದದಲ್ಲಿ ಜಡ್ಡುಗಟ್ಟಿದ ಚರ್ಮ ನಿಮ್ಮ ಮಿತ್ರ, ಹದ್ದುಮೀರದ ತನಕ. ದಪ್ಪ ಜಡ್ಡಿನ ಅಂಚು ಶೂಗೆ ಸಿಕ್ಕಿ ಎಳೆಯುತ್ತದೆ, ಅದರ ಅಡಿಯಲ್ಲೇ ಆಳದ ಬೊಬ್ಬೆ ಏಳುತ್ತದೆ. ಅದನ್ನು ಒಡೆಯಲೂ ಆಗದು, ಬಿಡಲೂ ಆಗದು. ವಾರಕ್ಕೊಮ್ಮೆ ಸ್ನಾನದ ಮನೆಯ ಕಲ್ಲಿನಿಂದ ಅಂಚು ನಯ ಮಾಡಿ, ಪೂರ್ತಿ ತೆಗೆಯಬೇಡಿ. ಒಡೆದ ಹಿಮ್ಮಡಿಗೆ ರಾತ್ರಿ ಮಲಗುವಾಗ ಮುಲಾಮು ಹಚ್ಚಿ. ಉಗುರನ್ನು ಸ್ಪರ್ಧೆಗೆ ಮೂರು ನಾಲ್ಕು ದಿನ ಮೊದಲು ನೇರವಾಗಿ ಕತ್ತರಿಸಿ. ಕೊನೇ ವಾರದಲ್ಲಿ ಪಾರ್ಲರ್‌ಗೆ ಹೋಗಿ ಪಾದ ಮೃದು ಮಾಡಿಸಿಕೊಂಡು ಬರುವ ಉಪಕಾರ ಮಾಡಿಕೊಳ್ಳಬೇಡಿ.

ಬೆವರು ತಡೆಯುವ ಔಷಧವನ್ನು ಪಾದಕ್ಕೆ ಹಚ್ಚಬಹುದೇ ಎಂದು ಕೆಲವರು ಕೇಳುತ್ತಾರೆ. 1998ರಲ್ಲಿ ಪ್ರಕಟವಾದ ಅಮೆರಿಕದ ಸೇನಾ ಕೆಡೆಟ್‌ಗಳ ಅಧ್ಯಯನವೊಂದರಲ್ಲಿ 21 ಕಿಲೋಮೀಟರ್ ನಡಿಗೆಯ ನಂತರ ಔಷಧ ಹಚ್ಚಿದವರಲ್ಲಿ ಶೇ. 21 ಮಂದಿಗೆ, ಹಚ್ಚದವರಲ್ಲಿ ಶೇ. 48 ಮಂದಿಗೆ ಬೊಬ್ಬೆ ಬಂದಿತ್ತು. ಕೇಳಲು ಚೆನ್ನ. ಆದರೆ ಹಚ್ಚಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚರ್ಮ ಉರಿ ಬಂದಿತ್ತು. ಹೊಸಬರಿಗೆ ಪೌಡರ್ ಸಾಕು.

ಹಂತ 4: ಆರು ವಾರದ ಅಭ್ಯಾಸ

ಚರ್ಮಕ್ಕೂ ತರಬೇತಿ ಬೇಕು. ಕುಡಗೋಲು ಹಿಡಿದವರ ಅಂಗೈ ಒಂದೇ ದಿನಕ್ಕೆ ಗಟ್ಟಿಯಾಗುವುದಿಲ್ಲ. ಸ್ವಲ್ಪ ಉಜ್ಜಿಕೊಂಡು, ಸ್ವಲ್ಪ ಸುಧಾರಿಸಿಕೊಂಡು ದಪ್ಪವಾಗುತ್ತದೆ. ವಾರಕ್ಕೆ ಎರಡು ಸಲ ಮಾತ್ರ ಸಾಕ್ಸ್ ಇಲ್ಲದೆ ಓಡಿ, ಉಳಿದ ದಿನ ಎಂದಿನಂತೆ ಸಾಕ್ಸ್ ಹಾಕಿಕೊಳ್ಳಿ.

- ಮೊದಲ ವಾರ: 1 ಕಿ.ಮೀ. ನಡಿಗೆ, ಇನ್ನೊಂದು ದಿನ 1 ಕಿ.ಮೀ. ನಿಧಾನದ ಓಟ
- ಎರಡನೇ ವಾರ: 2 ಕಿ.ಮೀ.
- ಮೂರನೇ ವಾರ: 3 ಕಿ.ಮೀ.
- ನಾಲ್ಕನೇ ವಾರ: 4 ಕಿ.ಮೀ., ಒಮ್ಮೆ ಒದ್ದೆ ಪಾದದಲ್ಲಿ
- ಐದನೇ ವಾರ: ಒಂದು ಗಂಟೆ ಸೈಕಲ್, ಇಳಿದ ಕೂಡಲೇ 4 ಕಿ.ಮೀ. ಓಟ
- ಆರನೇ ವಾರ: ಸ್ಪರ್ಧೆಯ ವೇಗದಲ್ಲಿ 5 ಕಿ.ಮೀ. ಒಂದೇ ಸಲ, ಅದೂ ಸ್ಪರ್ಧೆಗೆ ಐದಾರು ದಿನ ಮೊದಲು

ಓಡಿ ಬಂದ ಮೇಲೆ ಪಾದ ನೋಡಿ. ಕೆಂಪು ಒಂದು ಗಂಟೆಯೊಳಗೆ ಹೋದರೆ ಮುಂದಿನ ದೂರಕ್ಕೆ ಹೋಗಿ. ಮರುದಿನವೂ ಉಳಿದಿದ್ದರೆ ಅದೇ ದೂರದಲ್ಲಿ ಇನ್ನೊಂದು ವಾರ ನಿಲ್ಲಿ. 10 ಕಿಲೋಮೀಟರ್‌ನ ಸ್ಪರ್ಧೆಗೆ ಹೋಗುವವರು ಇದೇ ಏಣಿಯ ಮೇಲೆ ಇನ್ನೂ ನಾಲ್ಕು ವಾರ ಏರಬೇಕು.

ಓಡಿದ ದಿನ ಮೆತ್ತೆಯನ್ನು ಬಿಡಿಸಿ ಗಾಳಿಗೆ ಇಡಿ, ಶೂ ಒಳಗೆ ಹಳೇ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ಬೆವರು ಹೀರುವ ಸಾಕ್ಸ್ ಇಲ್ಲದ್ದರಿಂದ ಎಲ್ಲವೂ ಶೂಗೇ ಇಳಿದಿರುತ್ತದೆ. ಉದಾಸೀನ ಮಾಡಿದರೆ ಶೂ ನಾರುತ್ತದೆ, ಬೆರಳ ಸಂದಿಯಲ್ಲಿ ಫಂಗಸ್ ಹಿಡಿಯುತ್ತದೆ.

ಹಂತ 5: ಕುಂಕುಮದ ಬೊಟ್ಟು

ಮೂರನೇ ವಾರದ ಹೊತ್ತಿಗೆ ನಿಮ್ಮ ಪಾದದಲ್ಲಿ ಎಲ್ಲಿ ಕೆಂಪಾಗುತ್ತದೆ ಎಂಬುದು ಗೊತ್ತಾಗಿರುತ್ತದೆ. ನನಗೆ ಎರಡು ಜಾಗ: ಎಡ ಹಿಮ್ಮಡಿಯ ಮೇಲಂಚು, ಬಲ ಹೆಬ್ಬೆರಳಿನ ಬುಡದ ಗಂಟು. ಆದರೆ ಶೂವಿನಲ್ಲಿ ಅದನ್ನು ಉಜ್ಜುವುದು ಯಾವುದು?

ಮನೆಯಲ್ಲೇ ಇರುವ ಉಪಾಯ ಮಾಡಿ. ಕುಂಕುಮವನ್ನು ಒಂದು ಹನಿ ಎಣ್ಣೆಯಲ್ಲಿ ಕಲಸಿ ಆ ಕೆಂಪು ಜಾಗದ ಮೇಲೆ ಬೊಟ್ಟಿಡಿ. ಮೆಲ್ಲಗೆ ಶೂ ಹಾಕಿ, ಹತ್ತು ಹೆಜ್ಜೆ ನಡೆದು, ಬಿಚ್ಚಿ. ಶೂ ಒಳಗೆ ಕಲೆ ಎಲ್ಲಿ ಬಿದ್ದಿದೆಯೋ ಅಲ್ಲೇ ಕಳ್ಳ ಇದ್ದಾನೆ. ನನ್ನ ಶೂನಲ್ಲಿ ಕಲೆ ಬಿದ್ದದ್ದು ಹಿಂಬದಿ ಕುಣಿಕೆಯನ್ನು ಕೂಡಿಸಿದ ಹೊಲಿಗೆಯ ಮೇಲೆ. ಅಕ್ಕಿಕಾಳಿನಷ್ಟು ದಪ್ಪದ ಒಂದು ಗಂಟು. ಹತ್ತು ದಿನ ನನ್ನನ್ನು ಮನೆಯಲ್ಲಿ ಕೂರಿಸಿದ್ದು ಅದು! ಅದರ ಮೇಲೆ ನಯವಾದ ಟೇಪಿನ ಚೂರು ಅಂಟಿಸಿದೆ, ಅಲ್ಲಿಗೆ ಮುಗಿಯಿತು.

ಟೇಪನ್ನು ಪಾದಕ್ಕಿಂತ ಶೂಗೆ ಅಂಟಿಸುವುದೇ ಟ್ರಯಾಥ್ಲಾನ್‌ನಲ್ಲಿ ಮೇಲು, ಏಕೆಂದರೆ ಪಾದದ ಟೇಪು ಈಜಿನಲ್ಲಿ ಬಿಟ್ಟುಕೊಳ್ಳಬಹುದು. ಪಾದಕ್ಕೇ ಬೇಕೆನಿಸಿದರೆ ಒಣಗಿದ ಪಾದಕ್ಕೆ, ಸುಕ್ಕು ಬೀಳದಂತೆ, ಮೂಲೆಗಳನ್ನು ದುಂಡಗೆ ಕತ್ತರಿಸಿ ಹಚ್ಚಿ. ಈಜುಕೊಳದಲ್ಲಿ ಒಮ್ಮೆ ಪರೀಕ್ಷಿಸಿ. ದುಬಾರಿ ಟೇಪೇ ಆಗಬೇಕೆಂದಿಲ್ಲ. ಆರು ಹಂತಗಳ 250 ಕಿಲೋಮೀಟರ್ ಓಟದ ಸ್ಪರ್ಧಿಗಳ ಮೇಲೆ ಸ್ಟ್ಯಾನ್‌ಫರ್ಡ್ ವೈದ್ಯರು ಮಾಡಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೆಡಿಕಲ್ ಶಾಪಿನ ಅಗ್ಗದ ಕಾಗದದ ಟೇಪೇ ಬೊಬ್ಬೆಗಳನ್ನು ಸುಮಾರು ಶೇ. 40ರಷ್ಟು ತಗ್ಗಿಸಿತ್ತು.

ಹಂತ 6: ಎಲ್ಲಿ ಜಿಡ್ಡು, ಎಲ್ಲಿ ಪುಡಿ?

ಹೊಸಬರು ಎಡವುವುದು ಇಲ್ಲೇ. ಪಾದಕ್ಕೆ ಪೂರ್ತಿ ವ್ಯಾಸಲಿನ್ ಬಳಿದು, ಅದರ ಮೇಲೆ ಪೌಡರ್ ಸುರಿದರೆ ಶೂ ಒಳಗೆ ಚಪಾತಿ ಹಿಟ್ಟು ಕಲಸಿದಂತಾಗುತ್ತದೆ. ಸೂತ್ರ ಸರಳ: ಅಂಚಿಗೆ ಜಿಡ್ಡು, ನೆಲಕ್ಕೆ ಪುಡಿ.

ಶೂವಿನ ಹಿಮ್ಮಡಿ ಅಂಚು, ನಾಲಿಗೆಯ ತುದಿ, ಬೆರಳು ಮಡಿಯುವಲ್ಲಿನ ಹೊಲಿಗೆ, ಕುಂಕುಮ ತೋರಿಸಿದ ಜಾಗ, ಇಷ್ಟಕ್ಕೆ ವ್ಯಾಸಲಿನ್ ತೆಳುವಾಗಿ ಉಜ್ಜಿ. ಪಾದ ಕೂರುವ ಮೆತ್ತೆಯ ಮೇಲೆ ಒಂದು ಚಮಚದಷ್ಟು ಪೌಡರ್ ಹಾಕಿ, ಶೂ ಅಲುಗಿಸಿ ಹರಡಿ. ಒದ್ದೆ ಪಾದ ಸರ್ರನೆ ಒಳಗೆ ಹೋಗಲೂ ಇದು ನೆರವಾಗುತ್ತದೆ. ಮುಷ್ಟಿಗಟ್ಟಲೆ ಸುರಿಯಬೇಡಿ, ನೀರು ಬಿದ್ದರೆ ಅದೇ ಗಂಟುಗಂಟಾಗಿ ಉಜ್ಜುತ್ತದೆ.

ಹಂತ 7: ಸ್ಪರ್ಧೆಯ ಬೆಳಿಗ್ಗೆ

ಬಟ್ಟೆ, ಶೂ ಬದಲಾಯಿಸುವ ಟ್ರಾನ್ಸಿಷನ್ ಜಾಗದಲ್ಲಿ ಸೈಕಲ್ ಪಕ್ಕ ಟವೆಲ್ ಹಾಸಿ, ಅದರ ಮೇಲೆ ಓಟದ ಶೂ ಇಡಿ. ಬಾಯಿ ಅಗಲಿಸಿ, ಪೌಡರ್ ಹಾಕಿ, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ. ಮಳೆ ಬರಲಿ, ಪಕ್ಕದವರು ನೀರು ಕೊಡವಲಿ, ಒಳಗೆ ಒಣಗಿರುತ್ತದೆ.

ಈಜು ಮುಗಿಸಿ ಬಂದಾಗ ಮರಳು ಮೆತ್ತಿದ್ದರೆ ಬಾಟಲಿ ನೀರು ಸುರಿದು ತೊಳೆಯಿರಿ. ಬೆರಳ ಸಂದಿಗಳನ್ನು ಬಿಡಬೇಡಿ. ಒಂದು ಮರಳಿನ ಕಣ ಐದು ಕಿಲೋಮೀಟರ್‌ನಲ್ಲಿ ಮರಳು ಕಾಗದದ ಕೆಲಸ ಮಾಡುತ್ತದೆ. ಟವೆಲ್ ಮೇಲೆ ಎರಡು ಸಲ ಕಾಲೊರೆಸಿ ಸೈಕಲ್ ಹತ್ತಿ. ಸವಾರಿಯ ಗಾಳಿಗೆ ಪಾದ ಎಷ್ಟೋ ಆರುತ್ತದೆ. ಟಿ-2ನಲ್ಲಿ ಚೀಲ ತೆಗೆದು, ಕುಣಿಕೆ ಎಳೆದು, ಪಾದ ತೂರಿಸಿ, ನಾಲಿಗೆ ಮಡಚಿಲ್ಲವೆಂದು ಒಮ್ಮೆ ಸವರಿ ನೋಡಿ. ಈ ಒಂದು ಸೆಕೆಂಡನ್ನು ಉಳಿಸಬೇಡಿ.

ಹಂತ 8: ಓಡುವಾಗ

ನೀರಿನ ಮೇಜು ಬಂದಾಗ ಸೆಕೆಗೆ ತಲೆ ಮೇಲೆ ಲೋಟ ಸುರಿದುಕೊಳ್ಳುವುದು ಎಲ್ಲರಿಗೂ ಇಷ್ಟ. ನೆಟ್ಟಗೆ ನಿಂತು ಸುರಿದರೆ ನೀರು ಬೆನ್ನು, ತೊಡೆ, ಮೀನಖಂಡ ಇಳಿದು ಸೀದಾ ಶೂ ಸೇರುತ್ತದೆ. ಮುಂದಕ್ಕೆ ಬಾಗಿ ಕತ್ತಿನ ಹಿಂಬದಿಗೆ ಸುರಿದುಕೊಳ್ಳಿ. ನೀರು ಮುಖದಿಂದ ನೆಲಕ್ಕೆ ಬೀಳಲಿ.

ಎಲ್ಲಕ್ಕಿಂತ ಮುಖ್ಯ, ಬಿಸಿಯ ಮಾತು ಕೇಳಿ. ಬೊಬ್ಬೆ ಹೇಳದೆ ಕೇಳದೆ ಬರುವುದಿಲ್ಲ. ಮೊದಲು ಆ ಜಾಗ ಬೆಚ್ಚಗಾಗುತ್ತದೆ, ಆಮೇಲೆ ಚುರುಗುಟ್ಟುತ್ತದೆ, ಕೊನೆಗೆ ನೀರು ತುಂಬುತ್ತದೆ. ಬೆಚ್ಚಗಾದಾಗಲೇ ನಿಂತು ಲೇಸ್ ಸರಿಮಾಡಿ, ಬೆರಳ ತುದಿಯಷ್ಟು ವ್ಯಾಸಲಿನ್ ಹಚ್ಚಿ. ಅದಕ್ಕಾಗಿ ನಂಬರ್ ಕಟ್ಟುವ ಬೆಲ್ಟಿನಲ್ಲಿ ಒಂದು ಪುಟ್ಟ ಪೊಟ್ಟಣ ಇಟ್ಟುಕೊಂಡಿರಿ. ಇಪ್ಪತ್ತು ಸೆಕೆಂಡು ಹೋಗುತ್ತದೆ, ಹೋಗಲಿ. ನಾನು ಆ ಇಪ್ಪತ್ತು ಸೆಕೆಂಡು ಕೊಡಲೊಪ್ಪದೆ ಮೂರು ಕಿಲೋಮೀಟರ್ ಕುಂಟಿದವನು.

ಎದ್ದೇಬಿಟ್ಟರೆ?

ಚಿಕ್ಕದಾಗಿದ್ದು ನೋವಿಲ್ಲದಿದ್ದರೆ ಒಡೆಯಬೇಡಿ. ತೊಳೆದು, ಬ್ಯಾಂಡೇಜ್ ಹಾಕಿ ಬಿಡಿ. ಮೇಲಿನ ಚರ್ಮಕ್ಕಿಂತ ಒಳ್ಳೇ ಪಟ್ಟಿ ಯಾವ ಅಂಗಡಿಯಲ್ಲೂ ಸಿಗದು. ದೊಡ್ಡದಾಗಿ, ಹೆಜ್ಜೆ ಊರಲಾಗದಷ್ಟು ನೋವಿದ್ದರೆ ಕೈ, ಪಾದ ಎರಡನ್ನೂ ಸೋಪಿನಲ್ಲಿ ತೊಳೆದು, ಸ್ಪಿರಿಟ್‌ನಲ್ಲಿ ಶುದ್ಧ ಮಾಡಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರಿಳಿಸಿ. ಮೇಲಿನ ಚರ್ಮ ಕೀಳಬೇಡಿ. ಮುಲಾಮು ಹಚ್ಚಿ ಮುಚ್ಚಿ, ದಿನಾ ಬದಲಾಯಿಸಿ. ಕೀವು, ಸುತ್ತ ಕೆಂಪು ಹರಡುವುದು, ಜ್ವರ ಕಂಡರೆ ಮನೆಮದ್ದು ಬಿಟ್ಟು ವೈದ್ಯರಲ್ಲಿಗೆ ಹೋಗಿ. ಸಕ್ಕರೆ ಕಾಯಿಲೆಯವರು ಸೂಜಿ ಮುಟ್ಟುವುದೇ ಬೇಡ. ಹೊಸ ಚರ್ಮ ಬಂದು ಒತ್ತಿದರೆ ನೋಯದಂತಾಗುವ ತನಕ ಸಾಕ್ಸ್ ಬಿಡಬೇಡಿ.

ಸಾಮಾನಿನ ಪಟ್ಟಿಯ ಕೊನೇ ಐಟಂ

ಈಗ ಆ ಒಂದು ಜೊತೆ ಸಾಕ್ಸ್. ನಾಲ್ಕು ಸ್ಪರ್ಧೆಗಳಲ್ಲಿ ಬೊಬ್ಬೆಯಿಲ್ಲದೆ ಬರಿಗಾಲಲ್ಲಿ ಶೂ ಹಾಕಿ ಓಡಿದ್ದೇನೆ. ಆದರೂ ಟವೆಲ್ ಮೇಲೆ, ಶೂ ಪಕ್ಕದಲ್ಲಿ, ಸಾಕ್ಸ್ ಇದ್ದೇ ಇರುತ್ತದೆ. ಒಳಗೆ ಚೂರು ಪೌಡರ್ ಹಾಕಿ, ಬಾಯಿಂದ ಬೆರಳಿನ ತನಕ ಉಂಗುರದಂತೆ ಸುತ್ತಿಟ್ಟಿರುತ್ತೇನೆ. ಬೆರಳು ತೂರಿಸಿ ಹಿಂದಕ್ಕೆ ಉರುಳಿಸಿದರೆ ಒದ್ದೆ ಕಾಲಿಗೂ ಏಳೆಂಟು ಸೆಕೆಂಡಿನಲ್ಲಿ ಏರುತ್ತದೆ. ಹಿಂದಿನ ದಿನ ಕಾಲಿಗೆ ಏನೋ ತರಚಿರುತ್ತದೆ, ಜೋರು ಮಳೆ ಬಂದು ರಸ್ತೆ ಹೊಳೆಯಾಗಿರುತ್ತದೆ, ಸೈಕಲ್ ಮೇಲೇ ಹಿಮ್ಮಡಿ ಚುರುಗುಡುತ್ತಿರುತ್ತದೆ. ಅಂಥ ದಿನ ಅದನ್ನು ಹಾಕಿಕೊಂಡೇ ಓಡುತ್ತೇನೆ. ಕಳೆದ ಸಲ ಹಾಗೇ ಆಯಿತು. ಪಕ್ಕದಲ್ಲಿದ್ದ ಹೊಸ ಹುಡುಗ ನನ್ನನ್ನೇ ನೋಡುತ್ತಿದ್ದ. ನಾನು ಸಾಕ್ಸ್ ಏರಿಸಿದ್ದು ಕಂಡು ಅವನೂ ತನ್ನ ಸಾಕ್ಸ್‌ಗೆ ಕೈಹಾಕಿದ. ಒಳ್ಳೆಯದೇ ಆಯಿತು.